ಸೆಲ್ವಿಗೆ ಹಾಕಿದ ಶಾಲು

ನಮ್ಮೂರಿನಲ್ಲಿ ಯಾರಿಗಾದರೂ ಶಾಲು ಹೊದಿಸಿದರೆ, ಅವರು ಮರುದಿನದಿಂದ ಮನೆಯಲ್ಲೇ ಇರುತ್ತಾರೆ ಎಂದು ಅರ್ಥ. ಬೇರೆ ಊರುಗಳಲ್ಲಿ ಕವಿಗಳಿಗೂ ಗಾಯಕರಿಗೂ ಶಾಲು ಹೊದಿಸಿ, ಮರುದಿನವೂ ಅವರನ್ನು ಹಾಡಲು ಬಿಡುತ್ತಾರಂತೆ. ಕೆ.ಜಿ.ಎಫ್.ನಲ್ಲಿ ಹಾಗಿಲ್ಲ. ಗಣಿಯಿದ್ದಾಗ ಗಣಿಯವರು, ಈಗ ಕಾರ್ಖಾನೆಯವರು ಪಾಲಿಸಿಕೊಂಡು ಬಂದಿರುವ ಪದ್ಧತಿ ಒಂದೇ. ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರ, ಪೇಪರ್ ತಟ್ಟೆಯಲ್ಲಿ ಮಿಕ್ಸ್ಚರು, ಬಾದುಷಾ. ಆಮೇಲೆ ಎಲ್ಲರೂ ಗೇಟಿನವರೆಗೆ ಬಂದು ಕಳಿಸಿಕೊಡುತ್ತಾರೆ. ಗೇಟು ಹಾಕಿಕೊಳ್ಳುತ್ತದೆ.

ಈ ಸಮಾರಂಭಗಳ ಖಾಯಂ ನಿರೂಪಕ ನಾನು. ಕಾರ್ಖಾನೆಯಲ್ಲಿ ನನ್ನ ಕೆಲಸ ಏನು ಎಂದು ನನ್ನ ಮೇಲಧಿಕಾರಿಗೂ ಸರಿಯಾಗಿ ಗೊತ್ತಿಲ್ಲ. ಆದರೆ ಮೈಕಿನ ಮುಂದೆ ನಿಂತು "ಇವರ ಮುಂದಿನ ಜೀವನ ಸುಖಮಯವಾಗಿರಲಿ" ಎಂದು ನಾನು ಹೇಳುವ ಶೈಲಿ ಎಲ್ಲರಿಗೂ ಗೊತ್ತು. ನಿವೃತ್ತಿಗೆ ಹತ್ತಿರವಾದವರು ಕ್ವಾರ್ಟರ್ಸ್ ರಸ್ತೆಯಲ್ಲಿ ನನ್ನನ್ನು ಕಂಡರೆ ಆ ಬದಿಗೆ ದಾಟಿಬಿಡುತ್ತಾರೆ. ಹೆಂಡತಿ ಹೇಳುವ ಪ್ರಕಾರ ಅದಕ್ಕೆ ನನ್ನ ಹಾಸ್ಯ ಲೇಖನಗಳೂ ಕಾರಣವಿರಬಹುದು.

ಸೆಲ್ವಿಯ ಮನೆಯಲ್ಲಿ ಇಂಥ ಎರಡು ಶಾಲುಗಳಿದ್ದವು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಹಳೆಯ ಲೈನ್ ಮನೆ ಅದು. ಮೊದಲ ಶಾಲು ಅವಳ ಅಪ್ಪ ಆರುಮುಗಂನದು. ಗಣಿ ಮುಚ್ಚಿದ ವರ್ಷ ಅವನಿಗೆ ಅದನ್ನು ಹೊದಿಸಿ ಮನೆಗೆ ಕಳಿಸಿದ್ದರು. ಎರಡನೆಯದು ಗಂಡ ವಿಜಯಕುಮಾರನದು. ಅವನು ನಮ್ಮ ಕಾರ್ಖಾನೆಯಲ್ಲೇ ಕಂಟ್ರಾಕ್ಟಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಕಂಟ್ರಾಕ್ಟ್ ನಿಂತ ದಿನ ಮೇಸ್ತ್ರಿ ತುಂಬಾ ಒಳ್ಳೆಯವನಾಗಿದ್ದರಿಂದ, ಬಾಕಿ ಕೂಲಿಯ ಜೊತೆಗೆ ಶಾಲನ್ನೂ ತಂದಿದ್ದ. ಒಂದು ಶಾಲು ಈಗ ಟೀವಿಯ ಮೇಲಿದೆ, ಇನ್ನೊಂದು ಮೊಮ್ಮಗುವಿನ ಜೋಲಿಗೆ ಹಾಸಾಗಿದೆ. ಆ ಮನೆಗೆ ಶಾಲು ಬಂದಾಗಲೆಲ್ಲ ಸಂಬಳ ನಿಂತಿತ್ತು.

ಹಾಗಾಗಿ ಮನೆ ನಡೆಯುತ್ತಿದ್ದದ್ದು ಸೆಲ್ವಿಯ ಕೆಲಸದಿಂದ. ಬಂಗಾರಪೇಟೆ ಸ್ಟೇಷನ್ ಎದುರಿನ ನವನಿಧಿ ಲಾಡ್ಜಿನಲ್ಲಿ ಅವಳು ರೂಮು ನೋಡಿಕೊಳ್ಳುವವಳು. ಮಗಳು ಅಂಗನವಾಡಿಗೆ ಹೋಗುತ್ತಿದ್ದಾಗ ಸೇರಿದ್ದು, ಈಗ ಆ ಮಗಳಿಗೇ ಮಗುವಿದೆ. ದಿನಾ ಬೆಳಿಗ್ಗೆ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬರುವುದು, ಸಂಜೆ ಅದರಲ್ಲೇ ವಾಪಸು. ಲಾಡ್ಜಿನ ಹೆಸರಿನಲ್ಲಿ ಒಂಬತ್ತು ನಿಧಿಗಳಿದ್ದರೂ ಒಳಗೆ ಬಿಸಿನೀರು ಕೂಡ ಬೆಳಿಗ್ಗೆ ಮಾತ್ರ. ಮಂಡಿಗೆ ಬರುವ ವ್ಯಾಪಾರಿಗಳು, ಮದುವೆ ದಿಬ್ಬಣದವರು, ಕೋಟಿಲಿಂಗಕ್ಕೆ ಹೋಗುವ ಭಕ್ತರು, ಚಿನ್ನದ ಗಣಿ ಎಲ್ಲಿದೆ ಎಂದು ಕೇಳಿಕೊಂಡು ಬಂದು ಮಣ್ಣಿನ ಗುಡ್ಡ ನೋಡಿ ಮುಖ ಸಣ್ಣಗೆ ಮಾಡಿಕೊಂಡು ಹೋಗುವ ಹುಡುಗರು, ಇವರೇ ಗಿರಾಕಿಗಳು.

ಸ್ಟೋರು, ಟೆರೇಸು, ಪಂಪಿನ ಕೋಣೆ, ಎಲ್ಲದರ ಬೀಗದ ಕೈ ಗೊಂಚಲು ಸೆಲ್ವಿಯ ಸೊಂಟದಲ್ಲಿರುತ್ತಿತ್ತು. ರೂಮು ಖಾಲಿ ಮಾಡುವವರನ್ನು ಅವಳು ಸುಮ್ಮನೆ ಕಳಿಸುವವಳಲ್ಲ. "ದಿಂಬಿನ ಕೆಳಗೆ ನೋಡಿದ್ರಾ? ಬಾತ್‌ರೂಮ್ ಕೊಕ್ಕೆ? ಚಾರ್ಜರು?" ಎಂದು ಬಾಗಿಲಲ್ಲಿ ನಿಂತು ಕೇಳುತ್ತಾಳೆ. ಕೆಲವರಿಗೆ ಸಿಟ್ಟು ಬರುತ್ತದೆ. ಒಮ್ಮೆ ದಿಬ್ಬಣದ ಹಿರಿಯರೊಬ್ಬರು ಅವಳನ್ನು ಗದರಿಸಿ ಹೊರಟರು. ಅವರ ಹಲ್ಲಿನ ಸೆಟ್ಟು ಲೋಟದಲ್ಲೇ ಉಳಿದಿತ್ತು. ಸೆಲ್ವಿ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ಲಾಟ್‌ಫಾರಮ್ಮಿಗೆ ಓಡಿ, ಹೊರಟ ರೈಲಿನ ಕಿಟಕಿಯೊಳಗೆ ಕೊಟ್ಟುಬಂದಳು. ಅವರು ಊರು ತಲುಪಿ, ಹಲ್ಲು ಹಾಕಿಕೊಂಡು, ಲಾಡ್ಜಿಗೆ ಫೋನ್ ಮಾಡಿ ಸ್ಪಷ್ಟವಾದ ಕನ್ನಡದಲ್ಲಿ ಹೊಗಳಿದರು. ಆ ಕತೆ ಬಂಗಾರಪೇಟೆಯ ಹೋಟೆಲುಗಳಲ್ಲೆಲ್ಲ ಓಡಾಡಿತು.

ಅಲ್ಲಿಂದ ಅದು ಲಾಡ್ಜು, ಹೋಟೆಲು ಮಾಲೀಕರ ಸಂಘಕ್ಕೆ ತಲುಪಿತು. ಕಾರ್ಯದರ್ಶಿ ಸುಬ್ಬರಾಯಪ್ಪನವರದು ಲಾಡ್ಜಿನ ಎದುರುಬದಿಯಲ್ಲಿ ಟಿಫನ್ ಹೋಟೆಲು. ಪ್ರತಿ ವರ್ಷ ಸೆಪ್ಟೆಂಬರ್ ಇಪ್ಪತ್ತೇಳರ ಪ್ರವಾಸೋದ್ಯಮ ದಿನದಂದು ಸಂಘದವರು ತಮ್ಮಲ್ಲೇ ಒಬ್ಬರಿಗೆ ಹಾರ ಹಾಕಿಕೊಂಡು ಊಟ ಮಾಡುವುದು ವಾಡಿಕೆ.

"ನಮಗೆ ನಾವೇ ಎಷ್ಟು ಅಂತ ಹಾಕ್ಕಳಾದು ಸ್ವಾಮಿ? ಈ ಸಲ ಕೆಲಸದೋರ್ಗೆ ಮಾಡಾನ" ಎಂದರು ಸುಬ್ಬರಾಯಪ್ಪ.

"ಅಂಗಾದ್ರೆ ಓದ್ ವರ್ಷ ನಂಗೆ ಮಾಡಿದ್ದು?" ಎಂದು ಬೇಕರಿಯವರೊಬ್ಬರು ಎದ್ದರು.

"ಅದು ನಿನ್ ಸರದಿ ಕಣಪ್ಪ. ಸೇವೆಗಲ್ಲ. ಕೂತ್ಕಾ."

ಸೆಲ್ವಿಯ ಹೆಸರು ಒಪ್ಪಿಗೆಯಾಯಿತು. ನಿರೂಪಣೆಗೆ ನನ್ನ ಹೆಸರೂ ಒಪ್ಪಿಗೆಯಾಯಿತು, ಏಕೆಂದರೆ ನಾನು ದುಡ್ಡು ಕೇಳುವುದಿಲ್ಲ.

ವಿಷಯ ತಿಳಿಸಲು ಸುಬ್ಬರಾಯಪ್ಪನವರೂ ನಾನೂ ಲಾಡ್ಜಿಗೆ ಹೋದೆವು. ಸೆಲ್ವಿ ಟೆರೇಸಿನಲ್ಲಿ ಬೆಡ್‌ಶೀಟು ಹಿಂಡುತ್ತಿದ್ದಳು. ಇನ್ನೊಂದು ತುದಿಯನ್ನು ಅವಳ ಜೊತೆಗಾರ್ತಿ ಮುನಿಶಾಮಮ್ಮ ಹಿಡಿದಿದ್ದಳು.

"ಸೆಲ್ವಮ್ಮ, ನಿಂಗೆ ಸನ್ಮಾನ ಮಾಡ್ತಾ ಇದೀವಿ. ಆರ, ಶಾಲು, ಎಲ್ಲಾ" ಎಂದರು ಸುಬ್ಬರಾಯಪ್ಪ.

ಸೆಲ್ವಿ ಅವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಗಂಡನ ಮೇಸ್ತ್ರಿ ಶಾಲು ತಂದ ದಿನ ಮೈಕು ಹಿಡಿದಿದ್ದವನು ನಾನೇ ಎಂಬುದು ನನಗೆ ಆಗ ನೆನಪಿರಲಿಲ್ಲ. ಅವಳಿಗಿತ್ತು.

"ಯಾವತ್ತು ಸಾರ್?"

"ಇದೇ ಇಪ್ಪತ್ತೇಳು."

"ತಿಂಗಳು ತುಂಬೋಕೆ ಮುಂಚೇನೇನಾ?"

"ಊಂ ಕಣಮ್ಮ. ಆ ಡೇಟು ನಮ್ ಕೈಲಿಲ್ಲ. ಮೇಲಿಂದಾನೇ ಅಂಗೆ ಫಿಕ್ಸ್ ಆಗಿರೋದು."

"ಓನರ್‌ಗೆ ಗೊತ್ತಾ ಸಾರ್?"

"ಅವರೇ ಖುಷಿಯಾಗಿ ಒಪ್ಪವ್ರೆ."

"ಸರಿ ಸಾರ್" ಎಂದಳು ಸೆಲ್ವಿ. ಬೆಡ್‌ಶೀಟಿನ ತುದಿಯನ್ನು ಮತ್ತೆ ತಿರುಚತೊಡಗಿದಳು. ನೀರೆಲ್ಲ ಇಳಿದುಹೋದ ಮೇಲೂ ತಿರುಚುತ್ತಲೇ ಇದ್ದಳು.

ಮೆಟ್ಟಿಲಿಳಿಯುವಾಗ ಸುಬ್ಬರಾಯಪ್ಪ, "ನೋಡಿದ್ರಾ, ಖುಷಿಗೆ ಮಾತೇ ಬರ್ಲಿಲ್ಲ" ಎಂದರು. ನಾನೂ ಹೌದೆಂದೆ. ಮನುಷ್ಯರ ಮುಖ ನೋಡಿ ಬರೆಯುವವನು ಎಂದು ನನ್ನ ಬಗ್ಗೆ ಒಂದು ವಾರಪತ್ರಿಕೆಯಲ್ಲಿ ಹಾಕಿದ್ದಾರೆ. ಹಾಕಿದವನು ನಾನೇ.

ಸೆಲ್ವಿಗೆ ಅರ್ಥವಾಗಿದ್ದದ್ದು ಇಷ್ಟು: ಇಪ್ಪತ್ತೇಳನೇ ತಾರೀಕಿಗೆ ತನ್ನ ಕೆಲಸ ಹೋಯಿತು. ಇದು ನಮಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಮ್ಮ ಹಾಗೆ ನೀವೂ ಪೆದ್ದರಾಗಿ ಕಾಯುವುದು ಬೇಡವೆಂದು ಈಗಲೇ ಹೇಳುತ್ತಿದ್ದೇನೆ.

ಆ ಸಂಜೆ ಮನೆಗೆ ಹೋಗಿ ಅವಳು ಗಂಡನಿಗೆ ಹೇಳಿದಳಂತೆ, "ನನಗೂ ಶಾಲು ಹಾಕ್ತಾರಂತೆ."

ವಿಜಯಕುಮಾರ್ ಟೀವಿ ನೋಡುತ್ತಿದ್ದ. ಧ್ವನಿ ಕಡಿಮೆ ಮಾಡಿದ. "ಏನಾದ್ರೂ ತಪ್ಪು ಮಾಡಿದ್ಯಾಮಾ?"

"ಇಲ್ಲ."

"ನಾನೂ ಮಾಡಿರ್ಲಿಲ್ಲ" ಎಂದು ಅವನು ಧ್ವನಿ ಮತ್ತೆ ಜಾಸ್ತಿ ಮಾಡಿದ.

ಅವಳು ಅಳಲಿಲ್ಲ, ಬೈಯಲಿಲ್ಲ, ಯಾರನ್ನೂ ಕೇಳಲಿಲ್ಲ. ಆ ದಿನಗಳಲ್ಲಿ ಹೇಗಿತ್ತು ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಕಾಲು ಜೋಮು ಹಿಡಿದಾಗ ನೆಲ ಇದೆ ಅಂತ ಗೊತ್ತಿರುತ್ತೆ ಸಾರ್, ತಗಲಲ್ಲ. ಹಾಗೆ" ಎಂದಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಗೊತ್ತಾಗದೆ ಎರಡು ಸಲ ಹಾಕುತ್ತಿದ್ದಳಂತೆ. ಮನೆಯವರೂ ಏನೂ ಹೇಳದೆ ತಿನ್ನುತ್ತಿದ್ದರಂತೆ.

ಕೆಲಸ ಮಾತ್ರ ಮೊದಲಿನ ಹಾಗೆಯೇ ನಡೆಯಿತು. ಅದರ ಜೊತೆಗೆ ಅವಳು ಮುನಿಶಾಮಮ್ಮನಿಗೆ ಲಾಡ್ಜನ್ನು ಒಪ್ಪಿಸತೊಡಗಿದಳು. ಮೂಲೆ ರೂಮಿನ ನಲ್ಲಿಯನ್ನು ಬಲಕ್ಕಲ್ಲ, ಎಡಕ್ಕೆ ತಿರುಗಿಸಬೇಕು. ಹುಣಸೆಹಣ್ಣಿನ ವ್ಯಾಪಾರಿ ಬಂದರೆ ಎರಡು ದಿಂಬು. ಪಂಪು ಕೂಗಿಕೊಂಡರೆ ಒಂದು ಸಲ ಒದೆಯಬೇಕು, ಎರಡು ಸಲ ಒದ್ದರೆ ನಿಂತುಬಿಡುತ್ತದೆ.

"ಇದೆಲ್ಲಾ ನಂಗ್ಯಾಕಕ್ಕ ಏಳ್ತೀಯಾ? ನೀನಿಲ್ವಾ?" ಎಂದಳು ಮುನಿಶಾಮಮ್ಮ.

"ಇಪ್ಪತ್ತೇಳಕ್ಕೆ ಮುಗೀತಲ್ಲ."

"ಎಲ್ಲಿಗ್ ಓಗ್ತೀಯಾ?"

ಸೆಲ್ವಿ ಬಕೆಟ್ಟು ಎತ್ತಿಕೊಂಡು ಮುಂದಿನ ರೂಮಿಗೆ ನಡೆದಳು. ಅದನ್ನು ಮುನಿಶಾಮಮ್ಮ ತನಗೆ ಹೇಳಲಾಗದ ದೊಡ್ಡ ಗುಟ್ಟು ಎಂದುಕೊಂಡು, ನೇರವಾಗಿ ಮಾಲೀಕ ಶಶಿಧರನ ಕೌಂಟರಿಗೆ ಇಳಿದಳು.

"ಓನರ್ರೇ, ಸೆಲ್ವಕ್ಕ ಬಿಟ್ಟೋಗ್ತಾವ್ಳೆ. ಎಲ್ಲಿಗೆ ಅಂತ ಬಾಯ್ಬಿಡ್ತಿಲ್ಲ."

ಶಶಿಧರ್ ಕೆಟ್ಟವನಲ್ಲ. ಆದರೆ ಅವನ ಅಪ್ಪ ಕಟ್ಟಿಸಿದ ಲಾಡ್ಜು ಅದು. ಯಾರಾದರೂ ಅದನ್ನು ಬಿಟ್ಟು ಹೋಗುತ್ತಾರೆ ಎಂದರೆ ಅಪ್ಪನನ್ನೇ ಬೈದಂತೆ ಅವನಿಗೆ ಅನಿಸುತ್ತದೆ. "ಸಂಘದೋರು ಹಾರ ಅಂದ್ ಕೂಡ್ಲೇ ತಲೆ ತಿರುಗ್ತು ನೋಡು. ಕೋಲಾರದ ಯಾವ್ದೋ ದೊಡ್ಡ ಹೋಟೆಲೋರು ಕರೆದಿರ್ಬೇಕು. ಹೋಗ್ಲಿ ಬಿಡು. ನಾನು ಕಾಲು ಹಿಡೀತೀನಾ?" ಎಂದ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿ ಮನೆಯಲ್ಲಿ ಕೂತಿದ್ದ ಹರಿಪ್ರಿಯಾ ಎಂಬ ಹುಡುಗಿಯನ್ನು ಅವಳ ಚಿಕ್ಕಪ್ಪ ಎಂದೋ ಶಿಫಾರಸು ಮಾಡಿದ್ದರು. ಶಶಿಧರ್ ಅವರಿಗೆ ಫೋನ್ ಮಾಡಿ, ಇಪ್ಪತ್ತೆಂಟರಿಂದ ಬರಲಿ ಎಂದ.

ಹೀಗೆ ಓನರ್ ತೆಗೆದರು ಎಂದು ಸೆಲ್ವಿ, ಸೆಲ್ವಿ ಬಿಟ್ಟಳು ಎಂದು ಓನರ್. ಇಬ್ಬರೂ ದಿನಾ ಬೆಳಿಗ್ಗೆ ಎದುರಾಗುತ್ತಿದ್ದರು. "ನಮಸ್ಕಾರ ಸಾರ್." "ಹ್ಞೂಂ." ಲಾಡ್ಜಿನಲ್ಲಿ ಒಂದು ಪ್ರಶ್ನೆ ಕೇಳುವವರಿರಲಿಲ್ಲ.

ಆ ವಾರ ಬಂಗಾರಪೇಟೆ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ನಾನು ಅವಳನ್ನು ನೋಡಿದೆ. "ಪಾಸ್ ಮಾಡಿಸಿಲ್ವಾ ಸೆಲ್ವಮ್ಮ?" ಎಂದೆ.

"ಇನ್ನೇನು ನಾಲ್ಕು ದಿನಕ್ಕೆ ಪಾಸು ಯಾಕೆ ಸಾರ್?"

"ಆಮೇಲೆ ಏನು, ಅವಾರ್ಡ್ ಬಂದ್ಮೇಲೆ ಕಾರಲ್ಲಿ ಓಡಾಡ್ತೀರಾ?" ಎಂದು ನಾನೇ ನಕ್ಕೆ. ಮುಂದೆ ನಿಂತಿದ್ದವರೊಬ್ಬರೂ ನಕ್ಕರು. ಸೆಲ್ವಿ ಟಿಕೆಟ್ ತೆಗೆದುಕೊಂಡು ರೈಲಿನ ಕಡೆ ಹೋದಳು. ಒಂದು ಹಾಸ್ಯ ಚೆನ್ನಾಗಿ ಬಂದ ಸಂತೋಷದಲ್ಲಿ ನಾನು ಮನೆ ಸೇರಿದೆ.

ಇಪ್ಪತ್ತೇಳರ ಬೆಳಿಗ್ಗೆ ಕಲ್ಯಾಣಮಂಟಪದಲ್ಲಿ ಜನ ಚೆನ್ನಾಗಿಯೇ ಸೇರಿದ್ದರು, ಏಕೆಂದರೆ ಊಟಕ್ಕೆ ಹೋಳಿಗೆ ಇತ್ತು. ಸೆಲ್ವಿ ಮಗಳ ಮದುವೆಯ ಸೀರೆ ಉಟ್ಟು ಬಂದಿದ್ದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು. ವಿಜಯಕುಮಾರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನ ತುದಿಯಲ್ಲಿ ಕೂತಿದ್ದ. ಅವನಿಗೆ ಈ ಕಾರ್ಯಕ್ರಮಗಳ ಅಭ್ಯಾಸವಿತ್ತು. ಯಾವಾಗ ಎದ್ದು ನಿಲ್ಲಬೇಕು, ಯಾವಾಗ ಚಪ್ಪಾಳೆ, ಎಲ್ಲ ಗೊತ್ತಿತ್ತು.

ಹಾರ ಹಾಕಿದರು. ಶಾಲು ಹೊದಿಸಿದರು. ಮೈಸೂರು ಪೇಟ ಇಟ್ಟರು, ಅದು ಕಣ್ಣಿನವರೆಗೆ ಇಳಿಯಿತು. ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋದವನು "ಅಮ್ಮಾ ನಗಿ, ಸ್ವಲ್ಪ ನಗಿ" ಎಂದ. ಅವಳು ನಕ್ಕಳು, ಅವನು ಸಾಕು ಎನ್ನುವವರೆಗೆ. ನಾನು ಮೈಕಿನಲ್ಲಿ ಹಲ್ಲಿನ ಸೆಟ್ಟಿನ ಕತೆ ಹೇಳಿದೆ, ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉಮೇದಿನಲ್ಲಿ, ವರ್ಷಗಳ ರೂಢಿಯಿಂದ, ನನ್ನ ಬಾಯಿ ತಾನಾಗಿಯೇ "ಸೆಲ್ವಿಯವರ ಮುಂದಿನ ಜೀವನ ಸುಖಮಯವಾಗಿರಲಿ" ಎಂದು ಮುಗಿಸಿತು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನಮ್ಮಲ್ಲಿ ಶಾಲು ಹೊದಿಸಿದ ಮೇಲೆ ಹೇಳುವ ಮಾತೇ ಅದು.

"ಎರಡು ಮಾತಾಡಿ" ಎಂದು ಮೈಕು ಕೊಟ್ಟೆ.

ಸೆಲ್ವಿ ಮೈಕಿನ ಮುಂದೆ ನಿಂತಳು. "ಎಲ್ರಿಗೂ ನಮಸ್ಕಾರ. ನಾನು ಏನೂ ತಪ್ಪು ಮಾಡಿಲ್ಲ. ಮಾಡಿದ್ರೆ ಕ್ಷಮಿಸಿ" ಎಂದಳು. ಸೊಂಟದ ಗೊಂಚಲು ಬಿಚ್ಚಿ, ವೇದಿಕೆಯ ಮೇಲೆ ಕೂತಿದ್ದ ಶಶಿಧರನ ಬಳಿ ಹೋಗಿ ಅವನ ಕೈಗಿಟ್ಟಳು.

ಶಶಿಧರ್ ಎದ್ದು ನಿಂತು ತೆಗೆದುಕೊಂಡ. ಅವನ ಮುಖ ಕೆಂಪಾಗಿತ್ತು. ಎಲ್ಲರ ಮುಂದೆ ಕೊಟ್ಟುಹೋಗುವಷ್ಟು ಸೊಕ್ಕೇ ಎಂದು ಅವನಿಗೆ. ಸಭೆಗೆ ಅದು ಕಾರ್ಯಕ್ರಮದ್ದೇ ಒಂದು ಭಾಗ. ಚಪ್ಪಾಳೆ ಜೋರಾಗಿ ಬಿತ್ತು. ನಾನೂ ತಟ್ಟಿದೆ. ಫೋಟೋದವನು ಇನ್ನೊಂದು ಸಲ ಕೊಡಿ ಎಂದು ಕೇಳಿದ. ಅವಳು ಗೊಂಚಲು ವಾಪಸು ತೆಗೆದುಕೊಂಡು ಇನ್ನೊಂದು ಸಲ ಕೊಟ್ಟಳು.

ಊಟದ ಪಂಕ್ತಿಯಲ್ಲಿ ವಿಜಯಕುಮಾರ್ ನನ್ನ ಪಕ್ಕ ಕೂತ. ಹೋಳಿಗೆ ಮುರಿಯುತ್ತಾ, "ಚೆನ್ನಾಗಿ ಮಾತಾಡಿದ್ರಿ ಸಾರ್. ನನ್ನ ಸೆಂಡ್‌ಆಫ್‌ಗೆ ಇಷ್ಟು ಜನ ಬಂದಿರ್ಲಿಲ್ಲ" ಎಂದ.

"ಸೆಂಡ್‌ಆಫಾ? ಇದು ಸೆಂಡ್‌ಆಫ್ ಅಲ್ಲಪ್ಪ."

"ಆಮಾ ಸಾರ್, ಈಗ ಹೆಸರು ಬೇರೆ ಇಡ್ತಾರೆ. ನಮಗೆ ರೀಲೊಕೇಷನ್ ಅಂದಿದ್ರು."

ಹೋಳಿಗೆ ನನ್ನ ಬಾಯಲ್ಲೇ ಉಳಿಯಿತು. ಎಲೆ ಬಿಟ್ಟು ಎದ್ದು ಸೆಲ್ವಿಯನ್ನು ಹುಡುಕಿದೆ. ಅವಳು ಹೆಂಗಸರ ಪಂಕ್ತಿಯಲ್ಲಿ, ಶಾಲು ಹೊದ್ದೇ, ಅನ್ನ ಕಲೆಸುತ್ತಾ ಕೂತಿದ್ದಳು.

"ಸೆಲ್ವಮ್ಮ, ನಿಮ್ಮನ್ನ ಕೆಲಸದಿಂದ ಯಾರೂ ತೆಗೆದಿಲ್ಲ. ಚೆನ್ನಾಗಿ ಕೆಲಸ ಮಾಡ್ತೀರಿ ಅಂತ ಮಾಡಿದ ಸನ್ಮಾನ ಇದು. ಬಿಡು ಅಂತ ಯಾರಾದ್ರೂ ಹೇಳಿದ್ರಾ?"

"ಯಾರು ಹೇಳ್ತಾರೆ ಸಾರ್? ನಮ್ಮಪ್ಪನಿಗೂ ಬಿಡು ಅಂತ ಯಾರೂ ಹೇಳ್ಲಿಲ್ಲ. ಚೆನ್ನಾಗಿ ಕೆಲಸ ಮಾಡ್ದೆ ಅಂತಾನೇ ಹೇಳಿದ್ರು."

ಕೈ ತೊಳೆಯುವ ನಲ್ಲಿಗಳ ಹತ್ತಿರ ಶಶಿಧರನನ್ನು ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಬಾಯಿ ಮುಕ್ಕಳಿಸುವುದನ್ನು ನಿಲ್ಲಿಸಿ ಕೇಳಿದ. ಮುಖದ ಕೆಂಪು ಇಳಿಯಿತು.

"ಅವಳೇ ಬಿಡ್ತಿದಾಳೆ ಅಂದ್ಕೊಂಡೆ ಸಾರ್."

"ಒಂದು ಮಾತು ಕೇಳಬಾರದಿತ್ತಾ?"

"ಬಿಟ್ಟೋಗೋರನ್ನ ಏನಂತ ಕೇಳೋದು? ನಮಗೂ ಮರ್ಯಾದೆ ಇಲ್ವಾ?" ಎಂದ. ನಲ್ಲಿ ನಿಲ್ಲಿಸಿದ. "ಆ ಹುಡುಗಿ ಹರಿಪ್ರಿಯಾಗೆ ನಾಳೆಯಿಂದ ಬಾ ಅಂದಿದೀನಿ. ಅವಳ ಚಿಕ್ಕಪ್ಪ ಇಲ್ಲೇ ಊಟ ಮಾಡ್ತಾವ್ರೆ. ಈಗ ಹೆಂಗೆ ಬೇಡ ಅನ್ನೋದು? ಸೆಲ್ವಿನೂ ಬರ್ಲಿ. ಆ ಹುಡುಗಿ ಕೆಳಗೆ ಕೌಂಟರಲ್ಲಿ, ಇವಳು ಮೇಲೆ ರೂಮಲ್ಲಿ."

ಅವನೇ ಹೋಗಿ ಹೇಳಿದ. "ನಾಳೆ ಬಾಮ್ಮ. ಎಂದಿನ ಹಂಗೇ."

ಸೆಲ್ವಿ ಎದ್ದು ನಿಂತಿದ್ದಳು. ಎಂಜಲು ಕೈಯನ್ನು ಶಾಲಿಗೆ ತಗಲದ ಹಾಗೆ ದೂರ ಹಿಡಿದುಕೊಂಡಿದ್ದಳು. "ಎಷ್ಟು ದಿನ ಸಾರ್?"

"ಅಯ್ಯೋ, ನಿನ್ನಿಷ್ಟ ಇರೋವರ್ಗೂ."

"ಸರಿ ಸಾರ್" ಎಂದಳು. ಟೆರೇಸಿನಲ್ಲಿ ನಾವು ಕೇಳಿದ್ದ ಅದೇ ಸರಿ. ಕೆಲಸ ಹೋದಾಗ ಬಂದ ದನಿಗೂ, ಉಳಿದಾಗ ಬಂದ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಮರುದಿನ ನನಗೆ ಬಂಗಾರಪೇಟೆಯಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಲಾಡ್ಜಿಗೆ ಹೋದೆ. ಹರಿಪ್ರಿಯಾ ಕೌಂಟರಿನಲ್ಲಿದ್ದಳು. ಒಳ್ಳೆಯ ಹುಡುಗಿ. ಬೀಗದ ಕೈ ಗೊಂಚಲನ್ನು ಮುಂದೆ ಹರಡಿಕೊಂಡು, "ಅಕ್ಕ, ಸ್ಟೋರಿಂದು ಯಾವ್ದು?" ಎಂದು ಕೇಳುತ್ತಿದ್ದಳು. ಕೈಕಟ್ಟಿ ನಿಂತಿದ್ದ ಸೆಲ್ವಿ, ಮುಟ್ಟದೆ, ಬೆರಳಿನಲ್ಲಿ ತೋರಿಸಿದಳು. ಹುಡುಗಿ ಅದನ್ನು ಬಿಡಿಸಿ ಕೊಟ್ಟಳು. ಸ್ಟೋರಿನ ಬೀಗ ತೆಗೆದು, ಶೀಟು ಎತ್ತಿಕೊಂಡು, ಬೀಗ ಹಾಕಿ, ಸೆಲ್ವಿ ಬೀಗದ ಕೈಯನ್ನು ವಾಪಸು ಕೌಂಟರಿನ ಮೇಲಿಟ್ಟಳು. ಆಮೇಲೆ ಟೆರೇಸಿನ ಬೀಗದ ಕೈ ಬೇಕೆಂದು ಮತ್ತೆ ಕೌಂಟರಿಗೆ ಬಂದಳು.

"ಈಗ ಸಮಾಧಾನ ಆಯ್ತಾ ಸೆಲ್ವಮ್ಮ?" ಎಂದು ಕೇಳಿದೆ.

"ಗೊತ್ತಾಗ್ತಿಲ್ಲ ಸಾರ್. ಆಗಿರುತ್ತೆ" ಎಂದು ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ನಿಂತು ತಿರುಗಿದಳು. "ಸಾರ್, ಇನ್ನೊಂದು ಸಲ ನನಗೆ ಮಾಡಬೇಡಿ ಅಂತ ಅವರಿಗೆ ಹೇಳ್ತೀರಾ?"

ಹೇಳುತ್ತೇನೆ ಎಂದೆ.

ಮುಂದಿನ ವರ್ಷ ಸಂಘದವರಿಗೆ ಬೇರೆಯೇ ತೊಂದರೆಯಾಯಿತು. ಸನ್ಮಾನವಾದ ಮರುದಿನವೇ ಸೆಲ್ವಿಯ ಬೀಗದ ಕೈ ಬೇರೆಯವರ ಪಾಲಾಯಿತೆಂಬ ಸುದ್ದಿ ಎಲ್ಲ ಹೋಟೆಲುಗಳ ಅಡುಗೆಮನೆ ಸೇರಿತ್ತು. ಸನ್ಮಾನಕ್ಕೆ ಯಾರೂ ಸಿಗಲಿಲ್ಲ. ಒಬ್ಬ ದೋಸೆ ಭಟ್ಟ ಊರಿಗೆ ಹೋದ. ಒಬ್ಬ ವ್ಯಾನ್ ಡ್ರೈವರ್ ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಸುಬ್ಬರಾಯಪ್ಪ ತಮ್ಮ ಹೋಟೆಲಿನ ಸಪ್ಲೈಯರ್ ಗೋಪಿಯನ್ನೇ ಹಿಡಿದರು.

"ನಾನೇನ್ ತಪ್ ಮಾಡ್ದೆ ಸಾ?" ಎಂದ ಗೋಪಿ. ಕೈಯಲ್ಲಿ ನಾಲ್ಕು ಲೋಟ ನೀರು ಹಾಗೇ ಇತ್ತು.

"ಲೇ, ತಪ್ಪಲ್ಲ ಕಣ್ಲಾ, ಒಳ್ಳೇದು! ಇರು, ಸೆಲ್ವಮ್ಮನ್ನೇ ಕರೆಸ್ತೀನಿ. ಅವಳೇ ಏಳ್ತಾಳೆ."

ಸೆಲ್ವಿ ರಸ್ತೆ ದಾಟಿ ಬಂದಳು. ಕೈ ಒದ್ದೆಯಾಗಿತ್ತು. ನಾನು ಮೂಲೆಯ ಟೇಬಲ್ಲಿನಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದೆ. ಸುಬ್ಬರಾಯಪ್ಪ, "ಏಳಮ್ಮ ಈ ನನ್ ಮಗನ್ಗೆ. ಸನ್ಮಾನ ಮಾಡುದ್ರೆ ಏನಾಯ್ತದೆ ಅಂತ ಏಳು" ಎಂದರು.

"ಏನೂ ಆಗಲ್ಲ ಗೋಪಿ" ಎಂದಳು ಸೆಲ್ವಿ.

ಗೋಪಿ ಅವಳ ಮುಖವನ್ನೇ ನೋಡಿದ. ನೀರಿನ ಲೋಟಗಳನ್ನು ಪಕ್ಕದ ಟೇಬಲ್ಲಿನ ಮೇಲಿಟ್ಟು ಅಡುಗೆಮನೆಯೊಳಗೆ ಹೋದವನು ಹೊರಗೆ ಬರಲಿಲ್ಲ.

"ಅಷ್ಟೇನಾ ಸಾರ್?" ಎಂದು ಸೆಲ್ವಿ ಸುಬ್ಬರಾಯಪ್ಪನವರನ್ನು ಕೇಳಿದಳು. "ಟೆರೇಸಲ್ಲಿ ಬಟ್ಟೆ ಇದೆ" ಎಂದು ಹೇಳಿ, ಬಸ್ಸೊಂದು ಹಾದುಹೋಗುವವರೆಗೆ ನಿಂತಿದ್ದು, ರಸ್ತೆ ದಾಟಿದಳು.